ಕೈಬೆಳಕಿನ ಅಂಕೆ

ರೇಷ್ಮೆಯ ಮೊಟ್ಟೆ ಒಡೆಯುವುದಕ್ಕೆ ಸುಮಾರು ಎರಡು ದಿನ ಮುಂಚೆ ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣದಾದ ಕಪ್ಪು ಚುಕ್ಕೆಯೊಂದು ತೋರುತ್ತದೆ. ಮರುದಿನ ಮೊಟ್ಟೆಯೆಲ್ಲ ನಸುನೀಲಿಗೆ ತಿರುಗುತ್ತದೆ. ಚುಕ್ಕೆ ಕಂಡ ಕೂಡಲೆ ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದದಲ್ಲಿಯೋ ಕಪ್ಪು ಬಟ್ಟೆಯಲ್ಲಿಯೋ ಸುತ್ತಿ, ಬೆಳಕಿನ ಎಳೆಯೊಂದೂ ಒಳಹೊಗದಂತೆ ಪೆಟ್ಟಿಗೆಯಲ್ಲಿರಿಸಿ, ಹುಳು ಹೊರಬೀಳತಕ್ಕ ದಿನದ ಮುಂಜಾವದಲ್ಲಿ ಅವನ್ನು ಒಮ್ಮೆಗೇ ಬೆಳಕಿಗೆ ಒಡ್ಡಿದರೆ, ಬೆಳವಣಿಗೆಯಲ್ಲಿ ಕೊಂಚ ಮುಂದಾಗಿದ್ದವೂ ಹಿಂದಾಗಿದ್ದವೂ ಕೂಡಿ ಒಂದೇ ಹೊತ್ತಿಗೆ ಚಿಪ್ಪನ್ನು ಕೊರೆದುಕೊಂಡು ಹೊರಕ್ಕೆ ಬರುತ್ತವೆ. ಒಂದೇ ಹೊತ್ತಿಗೆ ಹುಟ್ಟಿದ ಹುಳುಗಳು ಒಟ್ಟಾಗಿ ಮೇಯುತ್ತವೆ, ಒಟ್ಟಾಗಿ ಜ್ವರಕ್ಕೆ ಕೂರುತ್ತವೆ (ಎಂದರೆ ಪೊರೆ ಬಿಡುವುದಕ್ಕಾಗಿ ಮೇವು ನಿಲ್ಲಿಸಿ ಮಲಗುತ್ತವೆ), ಒಟ್ಟಾಗಿ ಹಣ್ಣಾಗಿ ಗೂಡು ಕಟ್ಟುತ್ತವೆ. ಹಾಗಲ್ಲದೆ ಎರಡು ಮೂರು ದಿನಗಳ ಅಂತರದಲ್ಲಿ ಹುಟ್ಟಿದವು ಒಂದೇ ತಟ್ಟೆಯಲ್ಲಿ ಕಲೆತುಬಿಟ್ಟರೆ, ಎದ್ದ ಹುಳುವಿಗೆಂದು ಹಾಕಿದ ಸೊಪ್ಪು ಮಲಗಿದ ಹುಳುವಿನ ಮೇಲೆ ಬಿದ್ದು ಕೊಳೆಯುವುದನ್ನು ಎಂಥ ಜಾಣರೂ ತಡೆಯಲಾರರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಸಾವಿರಾರು ಮನೆಗಳ ಅನ್ನವು, ಹೀಗೆ ಕತ್ತಲೆಯನ್ನು ಅಳೆದುಕೊಟ್ಟು ಬೆಳಕನ್ನು ಹೊತ್ತರಿತು ಕೊಡುವ ಈ ಕುಶಲತೆಯನ್ನು ಆಶ್ರಯಿಸಿಕೊಂಡಿದೆ.

ಈ ಮಾತನ್ನು ಮೊದಲಿಗೇ ಎತ್ತಿದುದಕ್ಕೆ ಕಾರಣವಿದೆ. ಅಂಗೈಯಲ್ಲಿ ಅಡಗುವಂತಹ ಟಾರ್ಚಿನೊಳಗೆ ಇಂದು ಪುಟ್ಟದೊಂದು ಗಣಕಯಂತ್ರವೇ ಕುಳಿತಿದೆ. ಒಂದೇ ಗುಂಡಿಯನ್ನು ಎಷ್ಟು ಬಾರಿ, ಎಷ್ಟು ಹೊತ್ತು ಒತ್ತಿದೆವೆಂಬುದನ್ನು ಅದು ಎಣಿಸಿ, ಅದಕ್ಕೆ ತಕ್ಕಂತೆ ಬೆಳಕನ್ನು ಏರಿಸುತ್ತದೆ, ಇಳಿಸುತ್ತದೆ, ಮಿನುಗಿಸುತ್ತದೆ, ಬೀಗ ಹಾಕುತ್ತದೆ. ಈ ಯಂತ್ರಕ್ಕೆ ಇನ್ನೂ ಯಾವ ಯಾವ ವಿದ್ಯೆಗಳನ್ನು ಕಲಿಸಬಹುದೆಂದು ಪ್ರಪಂಚದ ಹಲವು ಮೂಲೆಗಳಲ್ಲಿ ಆಸಕ್ತರು ಆಲೋಚಿಸುತ್ತಿದ್ದಾರೆ. ಅವರ ಆಲೋಚನೆಗಳಲ್ಲಿ ಬಹುಭಾಗವು ಪರ್ವತಾರೋಹಿಗಳನ್ನೂ ಗುಹೆಗಳನ್ನು ಶೋಧಿಸುವವರನ್ನೂ ಕಣ್ಣಮುಂದೆ ಇಟ್ಟುಕೊಂಡದ್ದು. ಕೈಬೆಳಕನ್ನು ಅಂಕೆಯಲ್ಲಿಟ್ಟು ದುಡಿಯುವ ವಿದ್ಯೆಯಲ್ಲಿ ದೀರ್ಘವಾದ ಪರಂಪರೆಯುಳ್ಳ ನಮ್ಮೀ ಸೀಮೆಯ ಅನುಭವವು ಆ ಆಲೋಚನೆಗೆ ಸಲ್ಲಿಸಬೇಕಾದ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ. ಆದುದರಿಂದ ಆ ಪರಂಪರೆಯನ್ನು ಒಮ್ಮೆ ಹಿಂದಿನಿಂದ ನೋಡಿಕೊಂಡು ಬರುವುದು ಉಚಿತವಾಗಿದೆ.

1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿ ಬರೆದಿಟ್ಟ ವೃತ್ತಾಂತದಲ್ಲಿ ಚನ್ನಪಟ್ಟಣದ ಉಕ್ಕಿನ ತಂತಿಯ ಮಾತು ಬರುತ್ತದೆ. ವಾದ್ಯಗಳಿಗೆ ಕಟ್ಟುವ ಆ ತಂತಿಗೆ ದೂರದೂರದಲ್ಲಿ ಹೆಸರಿದ್ದಿತು. ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಅವನು ಕಂಡನು. ಸಾವನದುರ್ಗದ ಕೋಟೆ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಿದ್ದು ಆಗಿನ್ನೂ ದಶಕ ತುಂಬಿರಲಿಲ್ಲ. ರಾಮಗಿರಿಯ ಬುಡದಲ್ಲಿ ಕಾಡು ಕಡಿದು ನೆಲೆಗೊಳಿಸುತ್ತಿದ್ದ ಹೊಸ ಪೇಟೆಗೆ ದಿವಾನ್ ಪೂರ್ಣಯ್ಯನವರು ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನಿಟ್ಟಿದ್ದರು. ಕ್ಲೋಸ್‌ಪೇಟೆ ಎಂಬ ಆ ಊರೇ ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರವಾಯಿತು. ಅಂದಿನ ಮನೆಗಳಲ್ಲಿ ಉರಿಯುತ್ತಿದ್ದುದು ಹರಳೆಣ್ಣೆ, ಹೊಂಗೆ ಎಣ್ಣೆಗಳ ಹಣತೆ. ಹಣತೆಯ ಬತ್ತಿಯನ್ನು ಕಡ್ಡಿಯಿಂದ ಮುಂದಕ್ಕೆ ದೂಡಿದರೆ ಬೆಳಕು ಹೆಚ್ಚುವುದು, ಎಣ್ಣೆಯೂ ಹೆಚ್ಚು ವ್ಯಯವಾಗುವುದು; ಹಿಂದಕ್ಕೆ ಎಳೆದರೆ ಎರಡೂ ತಗ್ಗುವುವು. ಎಣ್ಣೆ ಬೆಲೆಯುಳ್ಳ ವಸ್ತುವಾದುದರಿಂದ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಬೆಳಕು ಎಂಬ ಲೆಕ್ಕವು ಪ್ರತಿಯೊಂದು ಮನೆಯ ಹೆಂಗಸಿನ ಕೈಬೆರಳುಗಳಲ್ಲಿ ನೆಲೆಗೊಂಡಿತ್ತು.

ಮನೆಯ ಹೊರಗಿನ ಬೆಳಕು ಪಂಜಿನದು. ಹಳೆಯ ಬಟ್ಟೆಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಎಣ್ಣೆಯಲ್ಲಿ ತೋಯಿಸಿ, ಉರಿ ಕುಗ್ಗಿದಂತೆಲ್ಲ ಗಿಂಡಿಯಿಂದ ಎಣ್ಣೆಯೆರೆಯುತ್ತ ನಡೆಯುವ ಈ ಕಾರ್ಯವು ಹಳೆಯ ಮೈಸೂರಿನ ಹಲವು ಊರುಗಳಲ್ಲಿ ಮಡಿವಾಳರ ಪಾಲಿಗೆ ಬಂದಿತ್ತು; ದೇವರ ಉತ್ಸವಕ್ಕೂ ಮದುವೆಯ ದಿಬ್ಬಣಕ್ಕೂ ಬೆಳಕು ಹಿಡಿದ ಆ ಕೈಗಳಿಗೆ ಸಂದ ಗೌರವವು ಸಂದ ದುಡಿಮೆಗೆ ಸಮವಾಗಿರಲಿಲ್ಲವೆಂಬುದನ್ನು ಹೇಳದೆ ಮುಂದುವರಿಯುವುದು ಅನ್ಯಾಯವಾದೀತು. ಏಕೆಂದರೆ ಅದು ಕೇವಲ ಹೊರೆ ಹೊರುವ ಕೆಲಸವಾಗಿರಲಿಲ್ಲ. ಗಾಳಿಯ ದಿಕ್ಕನ್ನು ನೋಡಿ ಪಂಜನ್ನು ಓರೆಮಾಡುವುದು, ಮೂರ್ತಿಯ ಮುಖಕ್ಕೆ ಬೆಳಕು ಬಿದ್ದು ನೋಡುವವರ ಕಣ್ಣಿಗೆ ಹೊಗೆ ಹೋಗದಂತೆ ದೂರವನ್ನು ಕಾಯ್ದುಕೊಳ್ಳುವುದು, ಎಣ್ಣೆ ತೀರುವ ಮುನ್ನವೇ ಉರಿಯ ಬಣ್ಣದಿಂದ ಅದನ್ನು ಅರಿಯುವುದು, ಇವೆಲ್ಲ ಅಭ್ಯಾಸದಿಂದ ಮಾತ್ರ ಬರತಕ್ಕ ವಿದ್ಯೆಗಳು. ಮೂಡಲಪಾಯದ ಆಟಗಳಲ್ಲಿ ಈ ವಿದ್ಯೆಯು ಇನ್ನೊಂದು ಮೆಟ್ಟಿಲು ಏರಿತು. ರಾಕ್ಷಸ ಪಾತ್ರವು ರಂಗಕ್ಕೆ ನುಗ್ಗುವ ಕ್ಷಣದಲ್ಲಿ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚಿದರೆ ಉರಿಯು ಭುಗಿಲೆಂದು ಆಳೆತ್ತರಕ್ಕೆ ಏಳುವುದು. ಕ್ಷಣಾರ್ಧದಲ್ಲಿ ಮತ್ತೆ ಮೊದಲಿನ ಪ್ರಮಾಣಕ್ಕೆ ಇಳಿಯುವುದು. ಇಡೀ ರಾತ್ರಿ ಆ ಪ್ರಖರತೆಯಲ್ಲಿ ಉರಿದಿದ್ದರೆ ಅದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಮಂದವಾದ ಬೆಳಕಿನ ಸುದೀರ್ಘ ಹಿನ್ನೆಲೆಯಲ್ಲಿ, ಬೇಕೆಂದಾಗ, ಬೇಕಾದಷ್ಟೇ ಹೊತ್ತು ದೊರೆಯುವ ಮಹಾಜ್ವಾಲೆ ಅದು. ಎರಚುವ ಕೈ ನಿಂತೊಡನೆ ಜ್ವಾಲೆಯೂ ನಿಲ್ಲುತ್ತದೆ. ಈ ಕೊನೆಯ ಗುಣವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

1876ರಿಂದ 78ರವರೆಗಿನ ಘೋರ ಕ್ಷಾಮದ ಬೆನ್ನಿಗೆ ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿ ಹಾಸಲ್ಪಟ್ಟು, 1882ರ ಹೊತ್ತಿಗೆ ಅದು ಪೂರ್ಣವಾದಾಗ, ಕ್ಲೋಸ್‌ಪೇಟೆ ಚನ್ನಪಟ್ಟಣಗಳ ನಿಲ್ದಾಣಗಳಿಗೆ ಹೊಸದೊಂದು ಕೈದೀಪ ಬಂದಿತು. ಗಾರ್ಡಿನ ಕೈಯ ಸೀಮೆಎಣ್ಣೆಯ ದೀಪ ಅದು. ಒಳಗಿನ ಉರಿ ಒಂದೇ. ಮೇಲಿನ ಭಾಗವನ್ನು ತಿರುಗಿಸಿದರೆ ಉರಿಯ ಮುಂದೆ ಕೆಂಪು ಗಾಜು, ಹಸುರು ಗಾಜು, ಬಿಳಿಯ ಗಾಜು ಸರದಿಯಾಗಿ ಬಂದು ನಿಲ್ಲುತ್ತಿದ್ದುವು. ಒಂದು ದೀಪಕ್ಕೆ ಹಲವು ಸ್ಥಿತಿಗಳಿರಬಹುದು, ಒಂದೊಂದು ಸ್ಥಿತಿಗೂ ನಿಯತವಾದ ಅರ್ಥವಿರಬಹುದು, ಆ ಅರ್ಥವನ್ನು ಮೊದಲೇ ಒಪ್ಪಿಕೊಂಡ ಇನ್ನೊಬ್ಬನು ದೂರದಿಂದ ಅದನ್ನು ಓದಬಹುದು ಎಂಬ ವಿಚಾರವನ್ನು ನಮ್ಮ ಜನರ ಕೈಗಿತ್ತ ಮೊದಲ ಉಪಕರಣಗಳಲ್ಲಿ ಇದೂ ಒಂದು. ಕತ್ತಲೆಯಲ್ಲಿ ಕಣ್ಣಿನ ನೆರವಿಲ್ಲದೆ, ಬೆರಳಿನ ಸ್ಪರ್ಶದಿಂದಲೇ ಈಗ ಯಾವ ಗಾಜು ಮುಂದಿದೆಯೆಂದು ತಿಳಿಯುವಂತಿರಬೇಕೆಂಬ ನಿರ್ಬಂಧವು ಆ ದೀಪವನ್ನು ರೂಪಿಸಿದವರಿಗೆ ಇದ್ದೇ ಇತ್ತು, ತಪ್ಪಿದರೆ ಪ್ರಾಣಹಾನಿ. ಇಂದಿನ ರೈಲ್ವೆಯಲ್ಲಿ ಅದೇ ಮೂರು ಬಣ್ಣಗಳನ್ನು ಎಲ್‌ಇಡಿ ಟಾರ್ಚು ತೋರಿಸುತ್ತಿದೆ.

ಲಾಟೀನು ಹಳ್ಳಿಗೆ ಬಂದುದು ಸೀಮೆಎಣ್ಣೆಯ ಜೊತೆಯಲ್ಲಿ. ಗಾಜಿನ ಬುರುಡೆ, ತಂತಿಯ ಹಿಡಿ, ಬದಿಯಲ್ಲಿ ಬತ್ತಿಯನ್ನು ಏರಿಸಿ ಇಳಿಸುವ ಹಲ್ಲುಚಕ್ರದ ಪುಟ್ಟ ತಿರುಪು. ಈ ತಿರುಪಿಗೆ ನಿಲುಗಡೆಗಳಿಲ್ಲ; ಮಂದ, ಮಧ್ಯಮ, ತೀವ್ರ ಎಂಬ ಮೂರು ಮನೆಗಳನ್ನು ಕೊರೆದು ಅದರಲ್ಲೇ ನಿಲ್ಲೆಂದು ಅದು ಹೇಳುವುದಿಲ್ಲ. ಬೆರಳು ಎಲ್ಲಿ ನಿಂತಿತೋ ಅಲ್ಲಿಯೇ ಬೆಳಕೂ ನಿಂತಿತು. ರೇಷ್ಮೆಯ ಮನೆಗೆ ಈ ಗುಣ ಎಷ್ಟು ಅಗತ್ಯವಾದುದೆಂಬುದನ್ನು ಆ ಮನೆಯ ದಿನಚರಿಯನ್ನು ಅರಿತವರು ಬಲ್ಲರು. ಮೊಟ್ಟೆಯೊಡೆದಂದಿನಿಂದ ಹುಳು ಹಣ್ಣಾಗುವವರೆಗೆ ಸುಮಾರು ಇಪ್ಪತ್ತೈದು ದಿನ. ಹಿಪ್ಪುನೇರಳೆಯ ಸೊಪ್ಪನ್ನು ದಿನಕ್ಕೆ ನಾಲ್ಕೈದು ಬಾರಿ ಹಾಕಬೇಕು; ಅವುಗಳಲ್ಲಿ ಕಡೆಯದು ರಾತ್ರಿ ಬಹಳ ಹೊತ್ತಾದ ಮೇಲೆ, ಮೊದಲನೆಯದು ಕೋಳಿ ಕೂಗುವ ಹೊತ್ತಿಗೆ. ಪ್ರತ್ಯೇಕವಾದ ಹುಳುವಿನ ಮನೆಗಳು ಬರುವುದಕ್ಕೆ ಮುಂಚೆ ಮನುಷ್ಯರೂ ಹುಳುಗಳೂ ಒಂದೇ ಸೂರಿನಡಿ ಇರುತ್ತಿದ್ದುದರಿಂದ, ಸ್ಟ್ಯಾಂಡಿನ ತಟ್ಟೆಗಳ ಪಕ್ಕದಲ್ಲಿಯೇ ಮಕ್ಕಳು ಮಲಗಿರುತ್ತಿದ್ದರು. ನಡುರಾತ್ರಿ ಎದ್ದ ತಾಯಿ ಮಕ್ಕಳ ಕಣ್ಣು ಕುಕ್ಕದಷ್ಟು, ಆದರೆ ಜ್ವರಕ್ಕೆ ಕುಳಿತ ಹುಳು ಯಾವುದು, ರೋಗ ಹಿಡಿದು ಮೆತ್ತಗಾದ ಹುಳು ಯಾವುದು ಎಂಬುದು ತಿಳಿಯುವಷ್ಟು ಬತ್ತಿಯನ್ನು ಏರಿಸಿಕೊಂಡು, ತಟ್ಟೆ ತಟ್ಟೆಯನ್ನೂ ನೋಡಿ ಸೊಪ್ಪು ಹರಡಿ, ಮತ್ತೆ ತಗ್ಗಿಸಿ ಮಲಗುತ್ತಿದ್ದಳು. ಬತ್ತಿ ಅತಿಯಾಗಿ ಏರಿದರೆ ಹೊಗೆ. ಹೊಗೆಯ ಮಸಿ ಸೊಪ್ಪಿಗೂ ಹುಳುವಿಗೂ ಕೇಡು. ತೀವ್ರವಾದ ಬೆಳಕು ದೊರೆಯುವುದಕ್ಕಿಂತ ಅತ್ಯಲ್ಪವಾದ ಬೆಳಕು ಸ್ಥಿರವಾಗಿ ದೊರೆಯುವುದೇ ಅಲ್ಲಿ ಹೆಚ್ಚಿನ ಸಿದ್ಧಿ.

ಮೈಸೂರು ಸರ್ಕಾರವು 20ನೆಯ ಶತಮಾನದ ಎರಡನೆಯ ದಶಕದಲ್ಲಿ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಯಿಸಿ, ಚನ್ನಪಟ್ಟಣದಲ್ಲಿ ರೇಷ್ಮೆಯ ಫಾರಂ ಒಂದನ್ನು ತೆರೆದ ಮೇಲೆ, ಮನೆಯ ಅನುಭವಕ್ಕೆ ಪ್ರಯೋಗಶಾಲೆಯ ಶಿಸ್ತು ಸೇರುತ್ತ ಬಂದಿತು. ಬಿತ್ತನೆಗೆ ಬೇಕಾದ ಮೈಸೂರು ತಳಿಯ ಗೂಡುಗಳನ್ನು ಮಾಗಡಿಯ ಕಡೆಯ ಹಳ್ಳಿಗಳು ಇಂದಿಗೂ ಬೆಳೆಯುತ್ತಿವೆ. ಹುಳು ಹಣ್ಣಾದಾಗ ಅದನ್ನು ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಾರಷ್ಟೆ. ಅಲ್ಲಿಯೂ ಬೆಳಕಿನದೇ ಕಟ್ಟಳೆ: ಒಂದು ಕಡೆಯಿಂದ ತೀಕ್ಷ್ಣವಾದ ಬೆಳಕು ಬಿದ್ದರೆ ಹುಳುಗಳೆಲ್ಲ ಹಿಂಜರಿದು ನೆರಳಿನ ಕಡೆಗೆ ಸರಿದು ಒತ್ತೊತ್ತಾಗಿ ನೆರೆಯುತ್ತವೆ; ಆಗ ಎರಡು ಹುಳುಗಳು ಕೂಡಿ ಒಂದೇ ಗೂಡು ಕಟ್ಟುವುದುಂಟು. ಜೋಡಿಗೂಡಿನ ಎಳೆ ಒಂದರೊಳಗೊಂದು ಸಿಕ್ಕಿಕೊಳ್ಳುವುದರಿಂದ ಬಿಚ್ಚಾಣಿಕೆಗೆ ಅದು ಒದಗದು. ಮಾರುಕಟ್ಟೆಯಲ್ಲಿ ಬೆಲೆ ಬಿದ್ದುಹೋಗುತ್ತದೆ. ತಿಂಗಳೊಂದರ ದುಡಿಮೆಯು ಒಂದು ರಾತ್ರಿ ತಪ್ಪು ಜಾಗದಲ್ಲಿ ಇರಿಸಿದ ದೀಪದಿಂದ ಕುಂದಬಹುದೆಂಬುದನ್ನು ಅರಿತ ಜನ ಇವರು. ಏಷ್ಯದಲ್ಲೇ ದೊಡ್ಡದೆನಿಸಿದ ರಾಮನಗರದ ಗೂಡಿನ ಮಾರುಕಟ್ಟೆಗೆ ಇರುಳಿನಲ್ಲೇ ಗೂಡಿನ ಚೀಲಗಳನ್ನು ಹೊತ್ತು ಬಂದಿಳಿಯುವ ರೈತನ ಕೈಯಲ್ಲಿ ಹಿಂದೆ ಲಾಟೀನಿತ್ತು, ಆಮೇಲೆ ಟಾರ್ಚಿತ್ತು, ಈಗ ಮೊಬೈಲು ಫೋನಿನ ಬೆಳಕಿದೆ.

ವಿದ್ಯುಚ್ಛಕ್ತಿಯ ಕಥೆಯಲ್ಲಿ ಈ ಸೀಮೆಗೆ ವಿಚಿತ್ರವಾದೊಂದು ಸ್ಥಾನವುಂಟು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒಯ್ದ ತಂತಿಗಳು ಕನಕಪುರದ ಸೀಮೆಯನ್ನು ಹಾದುಹೋದುವು. ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲಿ ಅದೊಂದೆಂದು ಆ ಕಾಲದವರು ಬೆರಗುಪಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗಳೂ ಅದೇ ಶಕ್ತಿಯಿಂದ ಬೆಳಗಿದುವು. ತಂತಿಯ ನೆಳಲು ಬಿದ್ದ ಹೊಲಗಳ ಒಡೆಯರು ಮಾತ್ರ ಮುಂದೆ ಹಲವಾರು ದಶಕಗಳ ಕಾಲ ಲಾಟೀನಿನ ಬತ್ತಿಯನ್ನೇ ತಿರುಪುತ್ತಿದ್ದರು. ಬಡವರ ಮನೆಗೊಂದು ಬಲ್ಬು ಎಂಬ ಭಾಗ್ಯಜ್ಯೋತಿ ಯೋಜನೆ ಬಂದುದು 1979ರ ಸುಮಾರಿಗೆ. ಇನ್ನೊಂದು ಸಂಗತಿಯೂ ಗಮನಾರ್ಹವಾದುದು: ಶಿವನಸಮುದ್ರದ ಮೊದಲ ಯಂತ್ರಗಳ ವಿದ್ಯುತ್ ಸೆಕೆಂಡಿಗೆ 25 ಆವರ್ತಗಳದಾಗಿತ್ತು. ಅಷ್ಟು ಕಡಮೆ ಆವರ್ತದ ಪ್ರವಾಹದಲ್ಲಿ ದೀಪದ ತಂತು ಸೆಕೆಂಡಿಗೆ ಐವತ್ತು ಬಾರಿ ಕುಗ್ಗಿ ಹಿಗ್ಗುವುದು ಕಣ್ಣಿಗೆ ನಡುಕದಂತೆ ತೋರಬಲ್ಲುದು. ಬೆಳಕನ್ನು ತುಂಡುತುಂಡಾಗಿ ಕೊಟ್ಟರೆ ಕಣ್ಣಿಗೆ ಏನಾಗುವುದೆಂಬ ಈ ಪ್ರಶ್ನೆ ನೂರು ವರ್ಷಗಳ ಬಳಿಕ ಅಂಗೈಯ ಟಾರ್ಚಿನೊಳಗೆ ಮತ್ತೆ ಎದ್ದುಕೊಂಡಿತು. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಲಾಟೀನಿನ ಯುಗದ ಸೊಬಗನ್ನು ಚಿತ್ರದಲ್ಲಿ ಉಳಿಸಿಕೊಟ್ಟ ಪುಣ್ಯವೂ ರಾಮನಗರದ ಬಂಡೆಗಳಿಗೇ ಸಂದಿತು. ಆ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ, ಇರುಳಾಗುತ್ತಿದ್ದಂತೆ ವಿಧವೆಯಾದ ಸೊಸೆ ಹಜಾರದ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋಗುವ ನೋಟವನ್ನು ಮರೆತ ಪ್ರೇಕ್ಷಕರಿಲ್ಲ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಸೂರ್ಯನು ಮುಳುಗಿ ಕತ್ತಲೆ ಕವಿಯುವ ನಡುವಣ ಕೆಲವೇ ನಿಮಿಷಗಳ ಸಹಜವಾದ ಬೆಳಕಿಗಾಗಿ ದಿನದಿನವೂ ಕಾದು, ಹಲವು ಸಂಜೆಗಳಲ್ಲಿ ತುಣುಕು ತುಣುಕಾಗಿ ಅದನ್ನು ಸೆರೆಹಿಡಿದರು. ದೀಪದ ಬೆಳಕೂ ಆಕಾಶದ ಬೆಳಕೂ ಸರಿತೂಗುವ ಗಳಿಗೆಯು ಅಷ್ಟು ಅಪೂರ್ವವಾದುದು. ಆ ಗಳಿಗೆಯ ಮೌಲ್ಯವನ್ನು ಮುಂಬಯಿಯ ಕಲಾವಿದರು ಅರಿತು ಬೆಲೆತೆತ್ತು ಪಡೆದರೆಂಬುದು ನನಗೆ ಸಂತೋಷದ ವಿಷಯ.

ಟಾರ್ಚಿನ ಹುಟ್ಟು ಅಮೆರಿಕದ ನ್ಯೂಯಾರ್ಕಿನಲ್ಲಿ. ಡೇವಿಡ್ ಮಿಸೆಲ್ ಎಂಬಾತನಿಗೆ 1899ರ ಜನವರಿ 10ರಂದು ಅದರ ಪೇಟೆಂಟು ದೊರೆಯಿತು. ಕಾಗದದ ಕೊಳವೆಯೊಳಗೆ ಒಣ ಕೋಶಗಳು, ತುದಿಯಲ್ಲಿ ಇಂಗಾಲದ ತಂತುವಿನ ಬಲ್ಬು, ಹೊರಗೆ ಹಿತ್ತಾಳೆಯ ಉಂಗುರವನ್ನು ಒತ್ತಿದರೆ ಕೂಡುವ ಸಂಪರ್ಕ. ಆಗಿನ ಕೋಶಗಳು ನಿರಂತರವಾಗಿ ಬೆಳಕು ಕೊಡಲಾರದೆ ಬಹುಬೇಗ ಬಳಲುತ್ತಿದ್ದುದರಿಂದ, ಕ್ಷಣಕಾಲ ಒತ್ತಿ ನೋಡಿ ಬಿಟ್ಟುಬಿಡುವುದೇ ಬಳಕೆಯ ಕ್ರಮವಾಗಿತ್ತು. ಕೋಶಗಳು ಬಲಗೊಂಡು, ಎವರೆಡಿ ಮೊದಲಾದ ಕಂಪನಿಗಳ ಟಾರ್ಚುಗಳು ನಮ್ಮ ಸಂತೆಗಳಿಗೆ ಬರುವ ಹೊತ್ತಿಗೆ ಅದರ ಮೈ ಹೊಳೆಯುವ ಲೋಹದ್ದಾಗಿತ್ತು. ಬದಿಯಲ್ಲಿ ಮುಂದಕ್ಕೆ ಸರಿಸುವ ಪಟ್ಟಿ, ಆ ಪಟ್ಟಿಯ ನಡುವೆ ಒಂದು ಪುಟ್ಟ ಗುಂಡಿ. ಪಟ್ಟಿಯನ್ನು ಸರಿಸಿದರೆ ಬೆಳಕು ನಿಂತು ಉರಿಯುವುದು. ಗುಂಡಿಯನ್ನು ಒತ್ತಿದರೆ ಒತ್ತಿದಷ್ಟು ಹೊತ್ತು ಮಾತ್ರ. ತಲೆಯನ್ನು ತಿರುಗಿಸಿದರೆ ಕಿರಣವು ಸಂಕುಚಿಸಿ ದೂರಕ್ಕೆ ಹಾಯುವುದು, ಇಲ್ಲವೆ ವಿಸ್ತರಿಸಿ ಹತ್ತಿರದಲ್ಲಿ ಹರಡುವುದು. ಎಷ್ಟೋ ಟಾರ್ಚುಗಳ ಹಿಂಬದಿಯ ಮುಚ್ಚಳದೊಳಗೆ ಒಂದು ಬಲ್ಬು ಮೀಸಲಾಗಿ ಕುಳಿತಿರುತ್ತಿತ್ತು. ನಮ್ಮ ಹಳ್ಳಿಗರು ಇದನ್ನು ಬ್ಯಾಟರಿ ಎಂದೇ ಕರೆದು ಆಪ್ತವಾಗಿಸಿಕೊಂಡರು. ಸೊರಗಿದ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಿಕೊಂಡರು. ಬೆಳಕು ಬಿಳುಪಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ಇಳಿಯುವುದನ್ನು ನೋಡಿ, ಇನ್ನೆಷ್ಟು ದೂರ ನಡೆಯಬಹುದೆಂದು ಅಂದಾಜು ಮಾಡಿದರು. ಪಂಜಿನವನು ಉರಿಯ ಬಣ್ಣವನ್ನು ಓದಿದಂತೆಯೇ ಇದು. ಆರುವ ಮುನ್ನ ಎಚ್ಚರಿಕೆ ಕೊಡುವ ಪ್ರಾಮಾಣಿಕತೆ ಆ ಹಳೆಯ ಬಲ್ಬಿಗೆ ಇತ್ತು.

ಬ್ಯಾಟರಿಯು ಐಷಾರಾಮದ ವಸ್ತುವಾಗಿ ಉಳಿಯದೆ ಜೀವರಕ್ಷಕವಾದುದು ಎರಡು ಕಡೆ. ಮೊದಲನೆಯದು ಕಾಡಂಚಿನ ಹೊಲ. ಕನಕಪುರದ ದಕ್ಷಿಣಕ್ಕೆ, ಸಂಗಮ ಮೇಕೆದಾಟುಗಳ ಕಡೆಗೆ ಹರಡಿದ ಕಾಡು 1987ರಲ್ಲಿ ಕಾವೇರಿ ವನ್ಯಧಾಮವೆಂದು ಘೋಷಿತವಾಯಿತು. ಇನ್ನೊಂದು ಮಗ್ಗುಲಿಗೆ ಬನ್ನೇರುಘಟ್ಟದ ಕಾಡು. ಇವೆರಡರ ನಡುವೆ ಓಡಾಡುವ ಆನೆಗಳು ರಾಗಿಯ ತೆನೆ ಬಲಿಯುವ ಕಾಲಕ್ಕೆ ಹೊಲಗಳಿಗೆ ಇಳಿಯುತ್ತವೆ. ಅಟ್ಟಣೆಯ ಮೇಲೆ ಇರುಳೆಲ್ಲ ಕುಳಿತ ರೈತನು ಒಂದೇ ಸಮನೆ ಬೆಳಕು ಬಿಟ್ಟುಕೊಂಡಿರುವುದಿಲ್ಲ. ಕತ್ತಲೆಗೆ ಕಣ್ಣನ್ನು ಹೊಂದಿಸಿಕೊಂಡು, ಕಿವಿಗೆ ಸದ್ದು ಬಿದ್ದ ದಿಕ್ಕಿಗೆ ಒಮ್ಮೆ ಹಾಯಿಸಿ, ಮತ್ತೆ ಆರಿಸುತ್ತಾನೆ. ಪಕ್ಕದ ಹೊಲದ ಅಟ್ಟಣೆಗೆ ಸುದ್ದಿ ಮುಟ್ಟಿಸುವುದೂ ಆ ಗುಂಡಿಯಿಂದಲೇ. ಆನೆಯ ಕಣ್ಣಿಗೆ ಬೆಳಕು ತೂರಿ ಕೆಣಕುವುದನ್ನು ನಾನು ಯಾರಿಗೂ ಬೋಧಿಸಲಾರೆ. ಅದು ಎಲ್ಲಿದೆಯೆಂದು ದೂರದಿಂದಲೇ ತಿಳಿದು ದಾರಿ ಬಿಡುವುದು ಇಬ್ಬರಿಗೂ ಕ್ಷೇಮ. ಎರಡನೆಯದು ಪಂಪ್‌ಸೆಟ್ಟು. ಮೂರು ಫೇಸಿನ ಕರೆಂಟು ನಡುರಾತ್ರಿಗೆ ಬರುವುದಾದರೆ, ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುವವನು ಆ ಹೊತ್ತಿನಲ್ಲಿಯೇ ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಒತ್ತಬೇಕು. ಅವನಿಗೆ ಬೇಕಾದುದು ದೂರಕ್ಕೆ ಹಾಯುವ ಕಿರಣವಲ್ಲ, ಕಾಲ ಮುಂದಿನ ಎರಡು ಮಾರು ನೆಲ. ಅಲ್ಲಿ ಕೊಳಕುಮಂಡಲವು ಸುರುಳಿ ಸುತ್ತಿಕೊಂಡಿರಬಹುದು.

ಬಿಳಿಯ ಎಲ್‌ಇಡಿ 1990ರ ದಶಕದ ನಡುವೆ ಬಂದಿತು. ಅದನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಎಲ್‌ಇಡಿಯನ್ನು ಮಂದಗೊಳಿಸುವ ಒಂದು ಸುಲಭೋಪಾಯವೆಂದರೆ ಅದನ್ನು ಅತಿವೇಗದಲ್ಲಿ ಹತ್ತಿಸಿ ಆರಿಸುವುದು. ಆರಿದ ಅವಧಿ ಹೆಚ್ಚಿದಷ್ಟೂ ಬೆಳಕು ಕಡಮೆಯೆಂದು ಕಣ್ಣು ಗ್ರಹಿಸುತ್ತದೆ. ಅಗ್ಗದ ಟಾರ್ಚುಗಳಲ್ಲಿ ಈ ವೇಗ ಸಾಲದೆ, ಕೈಯಾಡಿಸಿದಾಗ ಬೆರಳುಗಳು ಕವಲು ಕವಲಾಗಿ ತೋರುವುವು. ಶಿವನಸಮುದ್ರದ 25 ಆವರ್ತಗಳ ಪ್ರಶ್ನೆಯೆಂದೆನಲ್ಲ, ಅದು ಇದೇ. ಉತ್ತಮವಾದ ಟಾರ್ಚುಗಳು ವೇಗವನ್ನು ಸೆಕೆಂಡಿಗೆ ಸಾವಿರಾರು ಬಾರಿಗೆ ಏರಿಸಿವೆ, ಇಲ್ಲವೆ ಪ್ರವಾಹದ ಪ್ರಮಾಣವನ್ನೇ ತಗ್ಗಿಸುತ್ತವೆ. ಈ ನಿಯಂತ್ರಣವನ್ನು ನಡೆಸುವ ಚಿಪ್ಪಿಗೆ ಬರೆದ ಪ್ರೋಗ್ರಾಮುಗಳಲ್ಲಿ 'ಅಂಡುರಿಲ್' ಎಂಬುದು ಪ್ರಸಿದ್ಧವಾದುದು. ಗುಂಡಿಯನ್ನು ಒತ್ತಿ ಹಿಡಿದರೆ ಬೆಳಕು ನಿಲುಗಡೆಯಿಲ್ಲದೆ ಮೆಲ್ಲಮೆಲ್ಲನೆ ಏರುವ ಕ್ರಮ ಅದರಲ್ಲಿದೆ. ಲಾಟೀನಿನ ತಿರುಪನ್ನು ಬಲ್ಲವರಿಗೆ ಇದು ಹೊಸತಲ್ಲ. ನಡುವೆ ಬಂದ ಟಾರ್ಚು ಕಳೆದುಕೊಂಡಿದ್ದ ಗುಣವನ್ನು ಹೊಸ ಟಾರ್ಚು ಮರಳಿ ಪಡೆದುಕೊಂಡಿತು, ಅಷ್ಟೆ.

ಇನ್ನು ಕಲಿಸಬೇಕಾದುವು ಯಾವುವು? ಮೊದಲನೆಯದಾಗಿ ನನ್ನ ಮನಸ್ಸಿಗೆ ಬರುವುದು ಕತ್ತಲೆಯ ಗಡಿಯಾರ. ಮೊಟ್ಟೆಗೆ ಕಪ್ಪು ಕಾಗದ ಸುತ್ತಿದ ಗಳಿಗೆಯಲ್ಲಿ ಗುಂಡಿಯೊಂದನ್ನು ಒತ್ತಿದರೆ, ಆ ಕೋಣೆಯ ದೀಪವು ತನಗೆ ತಾನೇ ಬೀಗ ಹಾಕಿಕೊಂಡು, ಗೊತ್ತಾದ ಮುಂಜಾವಿನವರೆಗೆ ಯಾರ ಕೈ ತಾಕಿದರೂ ಹೊತ್ತದೆ, ಆ ಹೊತ್ತಿಗೆ ಸರಿಯಾಗಿ ಪೂರ್ಣವಾಗಿ ಬೆಳಗಬೇಕು. ಎಳೆಯ ಹುಳುಗಳನ್ನು, ಎಂದರೆ ಚಾಕಿಯನ್ನು, ಸಾಕುವವರಿಗೆ ಇದಕ್ಕಿಂತ ಉಪಕಾರಿಯಾದ ಸೇವಕನು ಸಿಗಲಾರನು. ಎರಡು ಕೈಗಳಿಂದಲೂ ಸೊಪ್ಪು ಹರಡುವ ಹೆಂಗಸಿಗೆ ಕೈಯ ಟಾರ್ಚು ನಿಷ್ಪ್ರಯೋಜಕ. ಹಣೆಗೆ ಕಟ್ಟಿದ ದೀಪವು ಅವಳು ತಟ್ಟೆಯ ಕಡೆಗೆ ಬಾಗಿದೊಡನೆ ತಾನಾಗಿ ಮಂದವಾಗಿ, ತಲೆಯೆತ್ತಿ ನಡೆದಾಗ ಏರುವಂತಾದರೆ ಹುಳುವಿಗೂ ಸುಖ, ಅವಳಿಗೂ ಸುಖ. ಬಾಗುವಿಕೆಯನ್ನು ಅರಿಯುವ ಸೂಕ್ಷ್ಮೋಪಕರಣಗಳು ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಇವೆಯಾದ್ದರಿಂದ ಇದು ಕನಸಿನ ಮಾತಲ್ಲ. ಚಂದ್ರಿಕೆಯ ಕೋಣೆಗೆ ಒಯ್ಯುವ ದೀಪಕ್ಕೆ ಮೇಲ್ಮಿತಿಯೊಂದನ್ನು ಗೊತ್ತುಮಾಡಿ, ಎಷ್ಟು ಒತ್ತಿದರೂ ಅದನ್ನು ಮೀರದಂತೆ ಕಟ್ಟಿಹಾಕುವುದು ಈಗಾಗಲೇ ಸಾಧ್ಯವಾಗಿದೆ.

ಅಟ್ಟಣೆಯವನಿಗೆ ಬೇಕಾದುದು ಇದಕ್ಕೆ ವಿರುದ್ಧವಾದುದು: ರಾಳದ ಗುಣ. ಪ್ರಚಂಡವಾದ ಬೆಳಕು ಒತ್ತಿದ ಬೆರಳಿನೊಡನೆ ಹುಟ್ಟಿ ಬೆರಳು ತೆಗೆದೊಡನೆ ಸಾಯಬೇಕು, ಆಮೇಲೆ ದೀಪವು ತಾನು ಹಿಂದೆ ಇದ್ದ ಮಂದಸ್ಥಿತಿಗೇ ಮರಳಬೇಕು. ಮರೆತು ಹೊತ್ತಿಸಿಟ್ಟ ಮಹಾಪ್ರಕಾಶವು ಕೋಶವನ್ನು ಬರಿದುಮಾಡುವುದಷ್ಟೇ ಅಲ್ಲದೆ, ಕತ್ತಲೆಗೆ ಹೊಂದಿದ ಕಣ್ಣನ್ನೂ ಹಲವು ನಿಮಿಷಗಳ ಕಾಲ ಕುರುಡಾಗಿಸುತ್ತದೆ. ಪಕ್ಕದ ಅಟ್ಟಣೆಗೆ ಕಳುಹಿಸುವ ಸಂಜ್ಞೆಯನ್ನು ಒಮ್ಮೆ ಕಲಿಸಿಟ್ಟರೆ, ಭಯದಿಂದ ಕೈ ನಡುಗುವ ಹೊತ್ತಿನಲ್ಲೂ ಅದು ತಪ್ಪದೆ ಅದೇ ಲಯದಲ್ಲಿ ಮಿನುಗುವಂತಿರಬೇಕು. ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಹಳೆಯ ಬಲ್ಬಿನ ಪ್ರಾಮಾಣಿಕತೆ. ಹೊಸ ಟಾರ್ಚುಗಳಲ್ಲಿ ಕೆಲವು ಕಡೆಯ ಕ್ಷಣದವರೆಗೂ ಪೂರ್ಣಪ್ರಭೆಯಿಂದ ಬೆಳಗಿ ಒಮ್ಮೆಗೇ ಆರಿಹೋಗುತ್ತವೆ; ಬದುವಿನ ನಡುವೆ, ಹಾವಿನ ಭಯದಲ್ಲಿ ನಿಂತವನಿಗೆ ಇದು ದ್ರೋಹ. ಕೋಶ ಕುಗ್ಗುತ್ತಿದ್ದಂತೆ ಬೆಳಕು ಹಂತಹಂತವಾಗಿ ಇಳಿಯಲಿ, ಇಳಿದಾಗಲೆಲ್ಲ ಒಮ್ಮೆ ಕಣ್ಣು ಮಿಟುಕಿಸಲಿ, ಮನೆ ಸೇರುವಷ್ಟು ಶೇಷವನ್ನು ಯಾವ ಬಳಕೆಗೂ ಬಿಟ್ಟುಕೊಡದೆ ಕಾದಿಟ್ಟಿರಲಿ.

ಚನ್ನಪಟ್ಟಣದ ಬೊಂಬೆಯವರ ಅಗತ್ಯ ಬೇರೊಂದು. ಆಲೆಮರದ ತುಂಡು ಚಕ್ರಕ್ಕೆ ಸಿಕ್ಕಿ ತಿರುಗುತ್ತಿರುವಾಗ, ಬಣ್ಣದ ಅರಗನ್ನು ಒತ್ತಿ, ಘರ್ಷಣೆಯ ಬಿಸಿಗೆ ಅದು ಕರಗಿ ಹರಡಿದ ಮೇಲೆ ತಾಳೆಗರಿಯಿಂದ ತೀಡಿ ಹೊಳಪೇರಿಸುವ ಆ ಕಲೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯೂ ದೊರೆತಿದೆ. ಅರಗಿನ ಹಳದಿಗೂ ಕಿತ್ತಳೆಗೂ ನಡುವಣ ಸೂಕ್ಷ್ಮವಾದ ಭೇದವನ್ನು ಹಗಲ ಬೆಳಕು ಮಾತ್ರ ನಿಜವಾಗಿ ತೋರಿಸಬಲ್ಲುದು. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯ ಕೆಳಗೆ ಕೆಂಪು ಬಣ್ಣವು ಮಂಕಾಗಿ, ಒಂದೇ ಜೊತೆಯ ಎರಡು ಬೊಂಬೆಗಳು ಬೆಳಗ್ಗೆ ನೋಡುವಾಗ ಎರಡು ಬಣ್ಣದವಾಗಿರಬಹುದು. ಬೆಚ್ಚಗಿನ ಬೆಳಕಿನ ಎಲ್‌ಇಡಿಯನ್ನೂ ತಣ್ಣನೆಯದನ್ನೂ ಒಂದೇ ತಲೆಯಲ್ಲಿ ಕೂಡಿಸಿ, ಎರಡರ ಪ್ರಮಾಣವನ್ನು ಗುಂಡಿಯಿಂದ ಹೊಂದಿಸುವ ಟಾರ್ಚುಗಳು ಈಗ ಬಂದಿವೆ. ಕರೆಂಟು ಹೋದ ಸಂಜೆಯಲ್ಲಿ ಬೊಂಬೆಯ ಬಣ್ಣ ಪರೀಕ್ಷಿಸಲು ತನ್ನ ಅಂಗಡಿಯ ಮಧ್ಯಾಹ್ನದ ಬೆಳಕನ್ನೇ ನೆನಪಿಟ್ಟುಕೊಳ್ಳುವ ದೀಪವೊಂದನ್ನು ಕುಶಲಕರ್ಮಿಯು ಕೇಳಿದರೆ, ಕೊಡಲಾಗದೆಂದು ಹೇಳುವುದಕ್ಕೆ ತಾಂತ್ರಿಕವಾದ ಕಾರಣವು ಯಾವುದೂ ಇಲ್ಲ.

ಕಾರಣವಿರುವುದು ಬೇರೆ ಕಡೆ. ಪ್ರೋಗ್ರಾಮು ಮಾಡಬಹುದಾದ ಟಾರ್ಚುಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಮೂರು ಬಾರಿ ಒತ್ತಿದರೆ ಇದು, ನಾಲ್ಕು ಬಾರಿ ಒತ್ತಿ ಹಿಡಿದರೆ ಅದು ಎಂಬ ಅವುಗಳ ನಕ್ಷೆಯನ್ನು ಬಾಯಿಪಾಠ ಮಾಡುವ ತಾಳ್ಮೆ ಹವ್ಯಾಸಿಗೆ ಇರಬಹುದು, ನಡುರಾತ್ರಿ ಎದ್ದ ತಾಯಿಗೆ ಇರಬೇಕೆಂದು ಬಯಸುವುದು ತಪ್ಪು. ಅವಳ ಬೆರಳಿಗೆ ತಿರುಪು ಗೊತ್ತು. ಗುಂಡಿಯ ಬದಲು ತಿರುಪನ್ನೇ ಇಟ್ಟು, ಒಳಗಿನ ಚಿಪ್ಪು ಅದರ ಚಲನೆಯನ್ನು ಓದುವಂತೆ ಮಾಡಿದರೆ, ಹೊಸದಾಗಿ ಕಲಿಯಬೇಕಾದುದು ಅವಳಿಗೆ ಏನೂ ಉಳಿಯುವುದಿಲ್ಲ. ಬಿಡದಿಯ ಕಾರ್ಖಾನೆಗಳಲ್ಲಿ ಇದಕ್ಕಿಂತ ನೂರುಮಡಿ ಜಟಿಲವಾದ ಯಂತ್ರಗಳನ್ನು ನಡೆಸುವ ತರುಣರ ಮನೆಗಳಲ್ಲಿ ಎಷ್ಟೋ ಕಡೆ ಇಂದಿಗೂ ಹುಳು ಸಾಕುತ್ತಾರೆ. ತಾಯಿಯ ಕೈಗೆ ಹೊಂದುವ ದೀಪವನ್ನು ಮಗನೇ ಮಾಡಿಕೊಡಬಲ್ಲನು. ಅಂಡುರಿಲ್‌ನ ಮೂಲವು ಎಲ್ಲರಿಗೂ ತೆರೆದಿದೆ. ಅದನ್ನು ಓದಬಹುದು, ತಿದ್ದಬಹುದು, ತಿದ್ದಿದ ಟಾರ್ಚನ್ನು ಮಾರಲೂಬಹುದು. ಹಾಗೆ ಹಂಚುವವನು ತನ್ನ ತಿದ್ದುಪಡಿಯನ್ನೂ ಇತರರು ಓದಿ ತಿದ್ದಲು ಬಿಟ್ಟುಕೊಡತಕ್ಕದ್ದೆಂಬುದು ಅದರ ಮುಖ್ಯವಾದ ಕಟ್ಟಳೆ.